ಹೆಣದ ಸೀಟಿ

ಸತ್ತವನು ಕಣ್ಣು ಮಿಟುಕಿಸಬಹುದೋ ಇಲ್ಲವೋ, ಇದನ್ನು ಮೊದಲೇ ಕೇಳಿಕೊಳ್ಳಬೇಕಿತ್ತು ಎಂದು ಲತೀಶನಿಗೆ ಅನಿಸಿದ್ದು, ಕೈಗೆ ಕಪ್ಪು ಪಟ್ಟಿ ಕಟ್ಟಿಸಿಕೊಂಡು ಚನಿಯಪ್ಪನ ಮನೆಯ ಹಿಂದೆ ಅಂಗಾತ ಮಲಗಿದ ಮೇಲೆ. ಕಣ್ಣು ತೆರೆದೇ ಸಾಯುವವರೂ ಇರುತ್ತಾರೆ. ಆದರೆ ತೆರೆದಿಟ್ಟರೆ ಮೂಗಿನ ಮೇಲೆ ಕೂತ ನೊಣವನ್ನು ನೋಡಬೇಕಾಗುತ್ತದೆ, ನೋಡಿದರೆ ನಗು ಬರುತ್ತದೆ. ಮುಚ್ಚಿದರೆ ನೊಣ ಈಗ ಎಲ್ಲಿಗೆ ಹೋಗಿರಬಹುದು ಎಂಬ ಯೋಚನೆಯಲ್ಲೇ ಇನ್ನೂ ಹೆಚ್ಚು ನಗು ಬರುತ್ತದೆ. ಗುಡ್ಡ ಕುಸಿದರೆ ಏನು ಮಾಡಬೇಕು ಎಂದು ಊರಿಗೆ ಕಲಿಸುವ ಅಣಕು ಕಾರ್ಯಾಚರಣೆ ಅದು. ಕಾಣಿಯೂರಿನಿಂದ ಒಳಗೆ ಇರುವ ಈ ಊರಿನಲ್ಲಿ ಲಾರಿ, ಆಂಬುಲೆನ್ಸು, ಅಧಿಕಾರಿಗಳ ಜೀಪು ಎಲ್ಲ ಒಟ್ಟಿಗೆ ನಿಂತು ತಿರುಗಬಹುದಾದ ಅಂಗಳ ಇರುವುದು ಚನಿಯಪ್ಪನಿಗೆ ಮಾತ್ರ ಎಂದು ಪಂಚಾಯತು ಸದಸ್ಯ ಡೊಂಬಯ್ಯ ಈ ಮನೆಯನ್ನೇ ಆರಿಸಿದ್ದ. ದೊಡ್ಡ ಗಾಯದ ಕೆಂಪು ಪಟ್ಟಿಯವರಿಗೆ ಆಂಬುಲೆನ್ಸಿನಲ್ಲಿ ಒಂದು ಸುತ್ತು ಸಿಗುತ್ತದೆಂದು ಕೆಂಪಿಗೆ ಬಹಳ ಬೇಡಿಕೆ ಇತ್ತು. ಹಸಿರು ಪಟ್ಟಿಯ ಸಣ್ಣಪುಟ್ಟ ಗಾಯ ಹೆಂಗಸರಿಗೆ ಹೋಯಿತು. ಸತ್ತವರ ಕಪ್ಪು ಯಾರಿಗೂ ಬೇಡವಾಗಿ ಉಳಿದಾಗ ಡೊಂಬಯ್ಯ ಅದನ್ನು ಲತೀಶನ ಕೈಗೆ ಕಟ್ಟಿ, ನಿನಗೆ ಹೇಗೂ ಮಾತು ಕಡಿಮೆ, ಹೊಸದಾಗಿ ಕಲಿಯಲಿಕ್ಕೆ ಎಂತದೂ ಇಲ್ಲ ಎಂದಿದ್ದ. ಎಲ್ಲರೂ ನಕ್ಕಿದ್ದರು. ಹಾಲಿನ ಸೊಸೈಟಿಯಲ್ಲಿ ಬೆಳಿಗ್ಗೆ ಸಂಜೆ ಊರವರ ಹಾಲು ಅಳೆಯುವ, ಪುತ್ತೂರಿನಲ್ಲಿ ಓದಿ ಎಂ.ಎ. ಮಾಡಿ ಬಂದ ಲತೀಶನೂ ಅವರೊಂದಿಗೆ ನಕ್ಕಿದ್ದ.

ಸತ್ತವರನ್ನು ಕೊನೆಗೆ ಎತ್ತುವುದು ಕ್ರಮವಂತೆ. ಹಾಗಾಗಿ ಉಳಿದವರ ಕಿರುಚಾಟ, ಸೀಟಿ, ಓಡಾಟ ಎಲ್ಲ ಮನೆಯ ಮುಂಭಾಗದಲ್ಲಿ ನಡೆಯುತ್ತಿರುವಾಗ ಅವನು ಹಿಂದೆ ಒಬ್ಬನೇ, ತಲೆಯ ಮೇಲೆ ಬರೆ. ಗುಡ್ಡವನ್ನು ನೆಟ್ಟಗೆ ಕಡಿದಾಗ ಉಳಿಯುವ ಮಣ್ಣಿನ ಗೋಡೆಗೆ ಇಲ್ಲಿಯವರು ಬರೆ ಎನ್ನುತ್ತಾರೆ. ಚನಿಯಪ್ಪ ಅದನ್ನು ಕಡಿಸಿದ್ದು ಈಗ ಪರವೂರಿನಲ್ಲಿ ಕೆಲಸದಲ್ಲಿರುವ ಮಗ ಮೋಕ್ಷಿತನ ಮದುವೆಗೆ. ಹಾಲ್‌ನಲ್ಲಿ ಮಾಡುವ ಮದುವೆ ಮದುವೆಯೇ ಅಲ್ಲ, ಮನೆಯಂಗಳದಲ್ಲೇ ಶಾಮಿಯಾನ ಏಳಬೇಕು ಎಂದು ಹಟ ಹಿಡಿದು, ಮುಂದೆ ಅಂಗಳ ಹಿಗ್ಗಿಸಲು ಹಳೆಯ ಅಡುಗೆಮನೆಯನ್ನು ಕೆಡವಿ ಅದನ್ನು ಹಿಂದಕ್ಕೆ ತಳ್ಳಿದ. ಅಡುಗೆಮನೆಗೆ ಜಾಗ ಮಾಡಲು ಗುಡ್ಡವನ್ನು ಹಿಂದಕ್ಕೆ ತಳ್ಳಿದ. ಜೆಸಿಬಿ ಬಂದ ದಿನ ಊರೆಲ್ಲ ನೋಡಲು ಸೇರಿತ್ತು. ಗುಡ್ಡದ ಕೆಂಪು ಹೊಟ್ಟೆ ಬೆಣ್ಣೆಯ ಹಾಗೆ ಕತ್ತರಿಸಿ ಬರುವುದನ್ನು ಕಂಡು, ಎಷ್ಟು ಚಂದ ಎಂದು ಲತೀಶನೂ ಉದ್ಗರಿಸಿದ್ದ. ಈಗ ಕೆಳಗಿನಿಂದ ನೋಡಿದರೆ ಅದು ಚಂದವಾಗಿರಲಿಲ್ಲ. ಬೇರುಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ನಡುವಿನ ಬಿಳಿ ಜೇಡಿಯ ಪಟ್ಟೆಯಿಂದ ನೀರು ಬೆವರಿನ ಹಾಗೆ ಇಳಿಯುತ್ತಿತ್ತು. ಆ ಬೆವರು ಯಾರದೆಂದು ಈ ಊರಿನಲ್ಲಿ ಗೊತ್ತಿದ್ದವನು ಹೆಣ ಮಾತ್ರ, ಎಂದುಕೊಂಡ ಕೂಡಲೇ ಹೊಟ್ಟೆಯೊಳಗಿನಿಂದ ನಗು ಗುಳುಗುಳು ಎಂದು ಮೇಲೆ ಬಂತು. ಅವನು ತುಟಿ ಕಚ್ಚಿದ.

ಅವನ ನಗು ಯಾವಾಗಲೂ ಹೀಗೆ ಹೊತ್ತು ಗೊತ್ತಿಲ್ಲದ್ದು. ಅಪ್ಪ ಸತ್ತ ದಿನ, ದೂರದ ನೆಂಟನೊಬ್ಬ ಹೆಣಕ್ಕೆ ಕೈಮುಗಿಯಲು ಬಗ್ಗಿದಾಗ ಅವನ ಕಿಸೆಯಲ್ಲಿದ್ದ ಮೊಬೈಲು ಅಪ್ಪನ ಎದೆಯ ಮೇಲೆ ಬಿದ್ದು, ಅಲ್ಲಿಂದಲೇ ರಿಂಗಾಗತೊಡಗಿತ್ತು. ಲತೀಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಸಿದು ಕೂತು ಮೈಯೆಲ್ಲ ಕುಲುಕಿಸಿದ್ದ. ಈ ಹುಡುಗನಿಗೆ ಅಪ್ಪ ಎಂದರೆ ಎಷ್ಟು ಪ್ರಾಣ ನೋಡಿ ಎಂದು ಹೆಂಗಸರು ಬೆನ್ನು ಸವರಿದ್ದರು. ಅವರಲ್ಲಿ ಚನಿಯಪ್ಪನ ಹೆಂಡತಿ ಕಮಲಾವತಿಯೂ ಇದ್ದಳು. ಆ ಸವರುವಿಕೆಯ ಬಿಸಿ ಇನ್ನೂ ಬೆನ್ನಿನ ಮೇಲೆ ಹಾಗೆಯೇ ಇದೆ ಎಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತದೆ, ತನ್ನದಲ್ಲದ ಅಂಗಿಯನ್ನು ಹಾಕಿಕೊಂಡ ಹಾಗೆ.

ಮುಂಭಾಗದಲ್ಲಿ ಗಲಾಟೆ ಒಮ್ಮೆಲೇ ನಿಂತಿತು. ಕಿಟಕಿಯ ಮೂಲಕ ಮಾತು ಕೇಳಿಸಿತು. ಸೀಟಿ ಊದಿದ ಕೂಡಲೇ ಸೊಸೆ ಅಕ್ಷಿತಾ, ಕಮಲಾವತಿ, ನಾಯಿ ಎಲ್ಲ ಅಂಗಳಕ್ಕೆ ಓಡಿಯಾಗಿತ್ತು. ಚನಿಯಪ್ಪ ಮಾತ್ರ ಒಳಗೆ ದೈವದ ಕೋಣೆಯ ಎದುರು ಕೈಮುಗಿದು ನಿಂತುಬಿಟ್ಟಿದ್ದ. ಇದು ಬರೀ ಅಭ್ಯಾಸ, ಗುಡ್ಡ ಎಂತದೂ ಬೀಳುವುದಿಲ್ಲ, ಸರಕಾರದವರು ಹೇಳಿದ್ದಕ್ಕೆ ಹೊರಗೆ ಇಳಿಯುತ್ತಿದ್ದೇವೆ, ಅರ್ಧ ಗಂಟೆಯೊಳಗೆ ವಾಪಸು ಬರುತ್ತೇವೆ, ಹೆದರಬೇಕಾಗಿಲ್ಲ ಎಂದು ಮನೆಯ ದೈವಕ್ಕೆ ವಿವರವಾಗಿ ಅರಿಕೆ ಮಾಡುತ್ತಿದ್ದ. ಗಡಿಯಾರ ಹಿಡಿದ ಅಧಿಕಾರಿ ಸಹನೆಯಿಂದ ಕಾದು, ನಿಜವಾದ ಅಪಾಯದಲ್ಲಿ ಇಷ್ಟೆಲ್ಲ ಹೇಳಲು ಸಮಯ ಇರುವುದಿಲ್ಲ ಎಂದರು.

“ಹೇಳದೆ ಇಳಿಯುದು ಹೇಗೆ ಸರ್?” ಎಂದ ಚನಿಯಪ್ಪ. “ನನಗಿರುವ ಹೆದರಿಕೆ ಬೇರೆ. ನಾಳೆ ನಿಜವಾಗಿ ಬಿದ್ದಾಗ, ಇದೂ ಇವರ ತಮಾಷೆ ಅಂತ ದೈವ ಸುಮ್ಮನೆ ಕೂತರೆ ಎಂತ ಮಾಡುದು?”

ಅಂಗಳ ನಕ್ಕಿತು. ಅಧಿಕಾರಿಯೂ ನಕ್ಕರು. ಹಿಂದೆ ಮಲಗಿದ್ದ ಲತೀಶ ನಗಲಿಲ್ಲ. ಗುಡ್ಡ ಬೀಳುವುದಿಲ್ಲ ಎಂಬ ಮಾತು ಅವನ ಕಿವಿಯಲ್ಲಿ ಸಿಕ್ಕಿಕೊಂಡಿತು. ಎದೆಯ ಮೇಲೆ ಟಪ್ ಎಂದು ಏನೋ ಬಿತ್ತು. ಬರೆಯಿಂದ ಉದುರಿದ, ಹುಣಸೆ ಬೀಜದಷ್ಟು ಕೆಂಪು ಮುರಕಲ್ಲಿನ ಹರಳು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಮೇಲಿನ ಜಾಗ ಲತೀಶನದು. ನಾಲ್ಕು ತಿಂಗಳ ಹಿಂದೆ, ಮಳೆನೀರು ಸುಮ್ಮನೆ ಹರಿದುಹೋಗಬಾರದೆಂದು ಅವನು ಅಲ್ಲಿ ಸಾಲಾಗಿ ಇಂಗುಗುಂಡಿ ತೋಡಿಸಿದ್ದ. ನೀರು ನೆಲದೊಳಗೆ ಇಳಿದರೆ ಕೆಳಗಿನ ಬಾವಿಗಳೆಲ್ಲ ತುಂಬುತ್ತವೆ ಎಂದು, ಮಾತು ಕಡಿಮೆಯ ಅವನು, ಅದೊಂದು ವಿಷಯದಲ್ಲಿ ಮಾತ್ರ ಸೊಸೈಟಿಯ ಹಾಲಿನ ಕ್ಯಾನುಗಳೆದುರು ದಿನವೂ ಭಾಷಣ ಮಾಡಿದ್ದ. ನರಿಮೊಗರಿನಲ್ಲಿ ಒಂದು ಸಭೆಯವರು ಕರೆದು ಶಾಲು ಹೊದೆಸಿದ್ದರು. ಆ ಶಾಲನ್ನು ಹೆಂಡತಿ ಭವಿತಾ ಈಗ ಮಿಕ್ಸಿಯ ಮೇಲೆ ಮುಚ್ಚುತ್ತಾಳೆ. ಮೇ ತಿಂಗಳ ಮೊದಲ ದೊಡ್ಡ ಮಳೆಯ ಮರುದಿನ, ಗುಂಡಿ ತುಂಬಿರುವುದನ್ನು ನೋಡುವ ಸಂತೋಷದಲ್ಲಿ ಅವನು ಗುಡ್ಡ ಹತ್ತಿದ. ತುಂಬಿದ್ದವು; ಒಂದೊಂದರಲ್ಲೂ ಒಂದೊಂದು ತುಂಡು ಆಕಾಶ. ಅಲ್ಲಿಂದ ಕೆಳಗೆ ಚನಿಯಪ್ಪನ ಹಂಚು ಕಾಣುತ್ತಿತ್ತು. ಗುಂಡಿಗೂ ಹಂಚಿಗೂ ನಡುವೆ ಕಾಲು ಹುಗಿಯಿತು. ಬಗ್ಗಿ ನೋಡಿದರೆ ನೆಲ ಬಾಯಿ ಬಿಟ್ಟಿತ್ತು, ಬರೆಯ ಉದ್ದಕ್ಕೂ, ವಕ್ರವಾಗಿ, ನಿದ್ದೆಯಲ್ಲಿರುವವನ ತುಟಿಯ ಹಾಗೆ. ಕೈ ಇಳಿಬಿಟ್ಟ. ಮಣಿಕಟ್ಟಿನವರೆಗೆ ಹೋಯಿತು. ಒಳಗಿನಿಂದ ತಣ್ಣನೆಯ ಗಾಳಿ ಬೆರಳುಗಳಿಗೆ ತಾಗಿತು. ಕೆಳಗೆ ಕಡಿದವನು ಚನಿಯಪ್ಪ, ಮೇಲೆ ನೀರು ಕುಡಿಸಿದವನು ತಾನು. ಅವನು ಎದ್ದು ಸುತ್ತ ನೋಡಿದ. ಯಾರೂ ಇರಲಿಲ್ಲ. ಆಮೇಲೆ, ಯೋಚಿಸಿ ಮಾಡಿದ್ದೋ ಯೋಚನೆಗೆ ಮೊದಲೇ ಕೈ ಮಾಡಿದ್ದೋ ಇವತ್ತಿಗೂ ಗೊತ್ತಿಲ್ಲ, ಸುತ್ತಲಿನ ಸೊಪ್ಪು ತರಗೆಲೆಗಳನ್ನು ಗೋರಿ ಬಿರುಕಿನ ಮೇಲೆ ಉದ್ದಕ್ಕೂ ಹಾಸಿದ, ಹಾಸಿಗೆ ಒದ್ದೆ ಮಾಡಿದ ಮಗು ಹೊದಿಕೆ ಎಳೆಯುವ ಹಾಗೆ. ಇಳಿದು ಬರುವಾಗ ಕಮಲಾವತಿ ಹಿತ್ತಲಿನಿಂದ ಕರೆದು ಚಾ ಕೊಟ್ಟಳು, ಬಾಳೆಲೆಯಲ್ಲಿ ಬೆಂದ ಹಲಸಿನ ಹಣ್ಣಿನ ಗಟ್ಟಿಯನ್ನೂ ಕೊಟ್ಟಳು. ಗುಂಡಿ ತುಂಬಿತಾ ಎಂದು ಕೇಳಿದಳು. ತುಂಬಿತು ಎಂದ.

ಸ್ಟ್ರೆಚರಿನವರು ಕೊನೆಗೂ ಬಂದರು, ಹಿಂದೆ ಊರಿಗೆ ಊರೇ ಬಂತು. ಎತ್ತುವಾಗ ಮೂರನೆಯ ಹರಳು ಹಣೆಗೆ ಬಿತ್ತು. ಈಗ ಹೇಳಬೇಕು, ಇಷ್ಟು ಜನರೆದುರು ಹೇಳಿದರೆ ಮುಗಿಯಿತು ಎಂದು ಲತೀಶ ಕಣ್ಣು ಬಿಟ್ಟ.

“ಈ ಬರೆ ಜರಿತದೆ,” ಎಂದ.

ಸ್ಟ್ರೆಚರಿನ ಹಿಂದಿನ ಹಿಡಿ ಕೈತಪ್ಪುವಷ್ಟು ನಗು. ಅಕ್ಷಿತಾ ನಗುತ್ತ ನೆಲದ ಮೇಲೆ ಕೂತುಬಿಟ್ಟಳು. ಡೊಂಬಯ್ಯ ಕಣ್ಣೊರೆಸಿಕೊಳ್ಳುತ್ತ ಹೇಳಿದ: “ಹೆಣಕ್ಕೆ ಇದರಲ್ಲಿ ಡೈಲಾಗ್ ಇಲ್ಲ ಮಾರಾಯ. ಬಾಯಿ ಮುಚ್ಚಿ ಮಲಗು.” ಮಲಗಿದ. ಅವನನ್ನು ಮೆರವಣಿಗೆಯ ಹಾಗೆ ಹೊತ್ತುಕೊಂಡು ಹೋಗುವಾಗ ಆಕಾಶ ತೂಗುತ್ತಿತ್ತು, ಮೋಡದ ನಡುವೆ ಬಿಸಿಲು ಇಣುಕುತ್ತಿತ್ತು, ಯಾರೋ ಉತ್ಸಾಹದಲ್ಲಿ ಬಾಯಿಯಿಂದಲೇ ಬ್ಯಾಂಡು ಬಾರಿಸಿದರು. ಅವನಿಗೆ ತಲೆ ಹಗುರಾಗಿ ತಿರುಗಿತು. ಹೇಳಿದೆನಲ್ಲ, ಹೇಳಿಯಾಯಿತಲ್ಲ ಎಂದು ಒಳಗಿನಿಂದ ಒಂದು ಧ್ವನಿ ಕುಣಿಯಿತು. ಅರ್ಧ ಹೇಳಿದೆ ಎಂದು ಇನ್ನೊಂದು ಧ್ವನಿ ಕೂತಲ್ಲಿಂದಲೇ ಅಂದಿತು.

ಕೊನೆಯಲ್ಲಿ ಅಧಿಕಾರಿ ಪ್ರತಿ ಮನೆಯ ಬಾಗಿಲ ಹತ್ತಿರ ಒಂದು ತುರ್ತು ಚೀಲ ನೇತಾಡಬೇಕು ಎಂದರು. ಊರಿನ ಸ್ವಯಂಸೇವಕನೆಂದು ಲತೀಶನ ಕೊರಳಿಗೆ ಕಿತ್ತಳೆ ಬಣ್ಣದ ಸೀಟಿಯನ್ನು ತೊಡಿಸಿದರು.

ಕಮಲಾವತಿಯ ಚೀಲ ಬಹಳ ಬೇಗ ಪ್ರಸಿದ್ಧವಾಯಿತು. ಟಾರ್ಚು, ಆಧಾರ್ ಕಾರ್ಡು, ಬಿ.ಪಿ. ಮಾತ್ರೆಗಳ ಜೊತೆಗೆ ಅದರಲ್ಲಿ ಮಗನ ಮದುವೆಯ ಆಲ್ಬಮ್ಮು, ಒಂದು ಕಟ್ಟು ಹಲಸಿನ ಹಪ್ಪಳ, ಹಪ್ಪಳ ಕಾಯಿಸಲು ಬೇಕಲ್ಲ ಎಂದು ಒಂದು ಬಾಟಲಿ ತೆಂಗಿನೆಣ್ಣೆ, ಎಣ್ಣೆ ಉಂಟು ಬಾಣಲೆ ಎಲ್ಲಿ ಎಂದು ಅಕ್ಷಿತಾ ಕೀಟಲೆ ಮಾಡಿದ ಮೇಲೆ ಒಂದು ಪುಟ್ಟ ಬಾಣಲೆ. ಚೀಲ ಎತ್ತಲು ಇಬ್ಬರು ಬೇಕಾಯಿತು. ಲತೀಶ ಇದನ್ನೆಲ್ಲ ಭವಿತಾಳಿಗೆ ಹೇಳುತ್ತ ಹೇಳುತ್ತ ನಗುತ್ತಿದ್ದ. ಹೆಣವಾಗಿ ಬಂದ ಮೇಲೆ ನೀವು ಒಬ್ಬೊಬ್ಬರೇ ನಗುತ್ತೀರಿ, ಎಂತ ವಿಷಯ ಎಂದು ಅವಳು ಕೇಳಿದಳು. ಏನಿಲ್ಲ ಎಂದ. ಮರುದಿನ ಮಳೆ ನಿಂತ ಹೊತ್ತಿನಲ್ಲಿ ಹಾರೆ ಹಿಡಿದು ಮೇಲೆ ಹೋದ. ಗುಂಡಿಗಳ ನೀರನ್ನು ಆಚೆ ಕಡೆ ಹರಿಯುವ ತೋಡಿಗೆ ಬಿಡಬೇಕೆಂದು ಕಾಲುವೆ ಕಡಿಯತೊಡಗಿದ. ಎರಡು ಗುಂಡಿ ಖಾಲಿಯಾದವು. ಮೂರನೆಯದಕ್ಕೆ ಹಾರೆ ಹಾಕಿದಾಗ ಕಾಲಡಿಯ ನೆಲ ಕುದುರೆಯ ಚರ್ಮದಂತೆ ಒಮ್ಮೆ ನಡುಗಿತು. ಹಾರೆಯನ್ನು ಅಲ್ಲೇ ಬಿಟ್ಟು ಓಡಿಬಂದ. ಓಡುವಾಗ ಕಂಡದ್ದು, ತಾನು ಹಾಸಿದ ಸೊಪ್ಪು ಬಿರುಕಿನೊಳಗೆ ಇಳಿದುಹೋಗಿತ್ತು.

ನಾಳೆ ಬೆಳಿಗ್ಗೆ ಹಾಲು ತರುವಾಗ ಚನಿಯಪ್ಪನಿಗೆ ಹೇಳುತ್ತೇನೆ ಎಂದುಕೊಂಡ. ಬೆಳಿಗ್ಗೆ ಚನಿಯಪ್ಪ ಹಾಲಿನ ತಂಬಿಗೆ ಕೆಳಗಿಟ್ಟು, ನಿನ್ನ ಗುಂಡಿಯ ದಯೆಯಿಂದ ನಮ್ಮ ಬಾವಿ ಈ ಸಲ ಈಗಲೇ ತುಂಬಿತು ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೊಗಳಿದ. ಲತೀಶನ ನಾಲಿಗೆ ಹಾಲಿನ ಅಳತೆಯಲ್ಲೇ ಉಳಿಯಿತು. ಆ ಮಧ್ಯಾಹ್ನ ಮಳೆ ಕಟ್ಟೆಯೊಡೆದ ಹಾಗೆ ಸುರಿಯಿತು. ಸೊಸೈಟಿಯ ಬಾಗಿಲಲ್ಲಿ ನಿಂತು ಗುಡ್ಡವನ್ನು ನೋಡುತ್ತಿದ್ದವನ ಕೈ ಕೊರಳಿನ ಸೀಟಿಗೆ ತಾಗಿತು. ಒಮ್ಮೆಲೇ ಎಲ್ಲವೂ ಸುಲಭವೆನಿಸಿತು. ಹೇಳಬೇಕಾಗಿಯೇ ಇಲ್ಲವಲ್ಲ. ಛತ್ರಿ ಬಿಡಿಸಿಕೊಂಡು ಓಡಿ, ಚನಿಯಪ್ಪನ ಅಂಗಳದಲ್ಲಿ ನಿಂತು ಊದಿದ.

ಅವರು ಬಂದರು. ಮೊದಲು ಅಕ್ಷಿತಾ, ಆಮೇಲೆ ಚೀಲದ ಒಂದು ಹಿಡಿ ಎಳೆಯುತ್ತ ಕಮಲಾವತಿ, ಕೊನೆಗೆ ದೈವಕ್ಕೆ ಹೇಳಿ ಮುಗಿಸಿ ಪಂಚೆ ಎತ್ತಿಕಟ್ಟಿಕೊಳ್ಳುತ್ತ ಚನಿಯಪ್ಪ. ಅಂಗಳದ ಆಚೆಯ ತುದಿಯ ಕೊಟ್ಟಿಗೆಯವರೆಗೆ ಓಡಿ, ನೆನೆದು, ಒಬ್ಬರನ್ನೊಬ್ಬರು ನೋಡಿ ನಕ್ಕರು. ಮಳೆ ಇಳಿಯುವವರೆಗೆ ಲತೀಶ ಅವರನ್ನು ಏನೇನೋ ಹೇಳಿ ಅಲ್ಲೇ ನಿಲ್ಲಿಸಿದ. ಆಮೇಲೆ ದೊಡ್ಡ ಮಳೆ ಬಂದಾಗಲೆಲ್ಲ ಊದಿದ. ಅಕ್ಷಿತಾ ಸೀಟಿಗಾಗಿ ಕಾಯತೊಡಗಿದಳು. ಎರಡು ದಿನ ಮಳೆ ಬಾರದಿದ್ದರೆ, ಎಂತ ಲತೀಶಣ್ಣ, ನಮ್ಮನ್ನು ಸಾಯಲಿಕ್ಕೆ ಬಿಟ್ಟಿರಾ ಎಂದು ಫೋನು ಮಾಡಿದಳು. ಪಕ್ಕದ ಮನೆಗಳವರಿಗೆ ಅಸೂಯೆಯಾಯಿತು, ನಮ್ಮ ಮನೆಗೇಕೆ ಊದುವುದಿಲ್ಲ, ನಾವೇನು ಮೇಲಿಂದ ಬಿದ್ದವರಾ ಎಂದರು. ಮುಖದಾಕ್ಷಿಣ್ಯಕ್ಕೆ ಅವರಿಗೂ ಊದಬೇಕಾಯಿತು. ಮಳೆ ಹೊಯ್ಯುವಾಗ ಅಂಗಳ ಅಂಗಳದಲ್ಲಿ ಜನ ಚೀಲ ಹಿಡಿದು ಓಡುವುದು, ಕೋಳಿಗಳು ಚೆದುರುವುದು, ಹೆಣದ ಸೀಟಿ ಬಂತು ಎಂಬ ಕೂಗು. ಲತೀಶನನ್ನು ಈ ಊರು ಯಾವತ್ತೂ ಇಷ್ಟು ಪ್ರೀತಿಸಿರಲಿಲ್ಲ. ಆ ಪ್ರೀತಿಯ ಕೆಳಗೆ ಬಿರುಕು ಇದೆ ಎಂಬುದು ಕೆಲವೊಮ್ಮೆ ಅವನಿಗೇ ಮರೆತುಹೋಗುತ್ತಿತ್ತು. ನೆನಪಾದಾಗ, ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗಾಗುತ್ತಿತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಮಳೆಯೇ ಇರಲಿಲ್ಲ. ಇಡೀ ರಾತ್ರಿ ಸುರಿದು ನಿಂತಿತ್ತು, ಎಳೆ ಬಿಸಿಲು ಬಂದಿತ್ತು. ಸೊಸೈಟಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಚನಿಯಪ್ಪನ ಹಿತ್ತಲಿನಿಂದ ಬಂದು ರಸ್ತೆ ದಾಟುವ ಸಣ್ಣ ನೀರಿನ ಹರಿವನ್ನು ಲತೀಶ ನೋಡಿದ. ಬರೆಯ ಬುಡದಿಂದ ಬರುವ ಆ ನೀರು ಯಾವಾಗಲೂ ತಿಳಿಯಾಗಿರುತ್ತಿತ್ತು. ಇವತ್ತು ಕೆಂಪಾಗಿ, ದಪ್ಪವಾಗಿ, ಎಲೆಯಡಿಕೆ ಉಗಿದ ಹಾಗೆ ಬರುತ್ತಿತ್ತು. ಅವನು ಓಡಿದ. ಓಡುತ್ತಲೇ ಊದಿದ. ಮಳೆಯಿಲ್ಲದೆಯೂ ಊದುತ್ತಾನಲ್ಲ ಎಂದು ನಗುತ್ತ ಅಕ್ಷಿತಾ ಹೊರಗೆ ಬಂದಳು, ಹಿಂದೆಯೇ ಚನಿಯಪ್ಪ. ಕಮಲಾವತಿ ಬರಲಿಲ್ಲ.

ಹಿಂದಿನ ಅಡುಗೆಮನೆಯಲ್ಲಿ ಅವಳು ಒಲೆಯ ಎದುರು ಕೂತಿದ್ದಳು. ಹಲಸಿನ ಗಟ್ಟಿ ಬೇಯುವ ಸಿಹಿ ಹಬೆ ಕೋಣೆ ತುಂಬಿತ್ತು. ಕಿಟಕಿಯಾಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬರೆ.

“ಕಮಲಕ್ಕ, ಹೊರಗೆ ಬನ್ನಿ.”

“ಇವತ್ತು ನನ್ನನ್ನು ಸತ್ತವರ ಲೆಕ್ಕಕ್ಕೆ ಹಾಕು ಮಾರಾಯ,” ಎಂದಳು ಕಮಲಾವತಿ ತಿರುಗದೆ. “ಮೊಣಕಾಲು ನೋವು. ಬೇಕಾದರೆ ಕಪ್ಪು ಪಟ್ಟಿ ಕಟ್ಟಿ ಹೋಗು.”

ಅವನು ಬಾಯಿ ತೆರೆದ. ಮಾತು ನಾಲಿಗೆಯ ತುದಿಯಲ್ಲೇ ಇತ್ತು: ಮೇಲೆ ಬಿರುಕು ಬಿಟ್ಟಿದೆ. ಅಷ್ಟು ಸಾಕಿತ್ತು. ಆದರೆ ಅದರ ಹಿಂದೆಯೇ ಅವಳ ಪ್ರಶ್ನೆ ಬರುತ್ತಿತ್ತು, ಯಾವಾಗಿನಿಂದ ಎಂದು. ಸೌಟು ಹಿಡಿದ ಅವಳ ಕೈಯನ್ನು ನೋಡಿದ. ಬೆನ್ನು ಸವರಿದ ಕೈ.

“ಟಿ.ವಿ.ಯವರು ಬಂದಿದ್ದಾರೆ,” ಎಂದ. “ನಿಮ್ಮ ಚೀಲ ತೋರಿಸಬೇಕಂತೆ.”

ಅವಳು ಈಗ ತಿರುಗಿದಳು. ನಿಜವಾ ಎಂದು ಕೇಳಿದಳು. ನಿಜ ಎಂದ. ಒಲೆಯ ಬೆಂಕಿ ಹಿಂದಕ್ಕೆ ಎಳೆದು ಎದ್ದಳು. ಬಾಗಿಲ ಕಡೆಗೆ ಹೋಗುತ್ತಾಳೆಂದುಕೊಂಡರೆ ನಡುಕೋಣೆಗೆ ನುಗ್ಗಿ, ಈ ಸೀರೆಯಲ್ಲಿ ಹೇಗೆ ಬರುದು ಎಂದು ಕಪಾಟು ತೆರೆದಳು. ಲತೀಶ ನಡುಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತ ನಿಂತ. ಬರೆಯಿಂದ ಒಂದು ಬೇರು ತಾನಾಗಿ ಬಿಗಿಯಾಗಿ, ತಂತಿಯ ಹಾಗೆ ಮಿಡಿದು, ತುಂಡಾಯಿತು. ಹಿಂದೆ ಬಳೆಯ ಸದ್ದು. ಪೌಡರ್ ಡಬ್ಬಿಯ ಮುಚ್ಚಳದ ಸದ್ದು. ಬಾಚಣಿಗೆ. ಪಿನ್ನು ಎಲ್ಲಿಟ್ಟಳೋ ಈ ಹುಡುಗಿ ಎಂಬ ಗೊಣಗಾಟ. ಬೇಗ ಬನ್ನಿ, ಬೇರೆ ಮನೆಗೆ ಹೋಗಿಬಿಡುತ್ತಾರೆ ಎಂದ ಅವನ ಧ್ವನಿ ಕೀರಲಾಗಿ ಒಡೆಯಿತು, ಅದಕ್ಕೆ ಅವಳು ನಕ್ಕಳು. ಅವನೊಳಗೂ ನಗು ಏರತೊಡಗಿತು, ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ. ಅದು ಬಾಯಿಗೆ ಬಂದರೆ ಗುಡ್ಡ ಅದಕ್ಕಾಗಿಯೇ ಕಾಯುತ್ತಿದೆ, ಕೂಡಲೇ ಇಳಿಯುತ್ತದೆ ಎಂದು ಹುಚ್ಚು ಹಿಡಿದವನ ಹಾಗೆ ನಂಬಿ ತುಟಿ ಕಚ್ಚಿ ನಿಂತ.

ಅವಳು ಬಂದು ಎದುರು ನಿಂತಳು. ಹಸಿರು ರೇಷ್ಮೆ, ಮುಖದಲ್ಲಿ ಬಿಳಿಬಿಳಿ ಪೌಡರ್. “ಇದು ಆದೀತಾ?”

“ಆದೀತು.”

ಅವಳ ಕೈ ಹಿಡಿದು ಎಳೆದುಕೊಂಡೇ ಹೊರಬಂದ. ಅಂಗಳದ ಅರ್ಧ ದಾಟುವಾಗ ಹಿಂದೆ ಲಾರಿಯಿಂದ ಕಲ್ಲು ಸುರಿದಂಥ ಸದ್ದು. ತಿರುಗಿ ನೋಡಿದರೆ ಮನೆಯ ಮುಂಭಾಗ ಹಾಗೇ ನಿಂತಿತ್ತು. ಅದರ ಹಿಂದೆ ಅಡುಗೆಮನೆಯ ಹಂಚು ಇರುವಲ್ಲಿ ಗುಡ್ಡ ಕೂತಿತ್ತು. ಗುಡ್ಡದ ಜೊತೆ ಇಳಿದು ಬಂದ ಲತೀಶನ ಹಾರೆ ಮಣ್ಣಿನಿಂದ ಅರ್ಧ ಹೊರಗೆ ಚಾಚಿತ್ತು. ಹಲಸಿನ ಗಟ್ಟಿಯ ಪರಿಮಳ ಒಂದು ಸಲ ತೇಲಿಬಂದು, ಹಸಿಮಣ್ಣಿನ ವಾಸನೆ ಅದನ್ನು ಮುಚ್ಚಿತು.

ಮೊದಲು ಮಾತಾಡಿದವನು ಚನಿಯಪ್ಪ. “ಇವತ್ತು ನಾನು ಹೇಳಲಿಲ್ಲ,” ಎಂದ. “ದಿನಾ ಹೇಳಿ ಹೇಳಿ ಬೇಜಾರಾಗಿ, ಇವತ್ತೂ ತಮಾಷೆಯೇ ಅಂತ ದೈವಕ್ಕೆ ಹೇಳದೆ ಇಳಿದೆ.” ಹೇಳದೆ ಇದ್ದದ್ದೇ ಒಳ್ಳೆಯದಾಯಿತು, ನಿಜವೆಂದು ತಿಳಿದು ದೈವ ಕೈಹಿಡಿಯಿತು ಎಂದು ಆಮೇಲೆ ಊರಿಗೆಲ್ಲ ಹೇಳಿದ. ಕಮಲಾವತಿ ಯಾರೋ ತಂದಿಟ್ಟ ಕುರ್ಚಿಯಲ್ಲಿ ಕೂತು, ಅಡುಗೆಮನೆಯಿದ್ದ ಕಡೆಯನ್ನು ನೋಡಿದಳು, ತನ್ನ ಸೀರೆಯನ್ನು ನೋಡಿದಳು, ಆಮೇಲೆ ಅಂಗಳದ ಸುತ್ತ ನೋಡಿ ಕೇಳಿದಳು: “ಟಿ.ವಿ.ಯವರು ಎಲ್ಲಿ?”

ಅಕ್ಷಿತಾ ಅಳುತ್ತಿದ್ದವಳು ನಕ್ಕುಬಿಟ್ಟಳು. ಅದೊಂದು ಬೆಂಕಿಯ ಕಿಡಿಯ ಹಾಗೆ ಹರಡಿತು. ಓಡಿಬಂದವರೆಲ್ಲ ಕುಸಿದ ಗುಡ್ಡದ ಎದುರು ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು, ಬದುಕಿರುವುದೇ ಒಂದು ದೊಡ್ಡ ನಗೆಯ ವಿಷಯ ಎಂಬ ಹಾಗೆ.

ಮಧ್ಯಾಹ್ನ ಟಿ.ವಿ.ಯವರು ನಿಜವಾಗಿಯೂ ಬಂದರು. ಡೊಂಬಯ್ಯ ಮುಂದೆ ನಿಂತು, ಅಣಕು ಕಾರ್ಯಾಚರಣೆಯ ದಿನ ಹೆಣವೇ ಬಾಯಿಬಿಟ್ಟು ಹೇಳಿತ್ತು, ನಾವು ನಕ್ಕಿದ್ದೆವು ಎಂದು ವರ್ಣಿಸಿದ. ಮೈಕು ಲತೀಶನ ಬಾಯಿಯ ಹತ್ತಿರ ಬಂತು. ಬೆಳಿಗ್ಗೆಯಿಂದ ಗಂಟಲಲ್ಲಿ ತಡೆದಿಟ್ಟದ್ದೆಲ್ಲ ಆಗ ಒಡೆಯಿತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮೈಯೆಲ್ಲ ಕುಲುಕಿಸಿದ. ಪಾಪ, ಎಷ್ಟು ಮೃದು ಮನಸ್ಸು ಎಂದು ಯಾರೋ ಅಂದರು. ಬೆನ್ನ ಮೇಲೆ ಒಂದು ಕೈ ಬಂತು. ಯಾರ ಕೈ ಎಂದು ತಿರುಗಿ ನೋಡದೆಯೇ ಗೊತ್ತಾಯಿತು.

“ನಿನಗೆ ಹೇಗೆ ಗೊತ್ತಾಯಿತು?” ಎಂದು ಕಮಲಾವತಿ ಮೆಲ್ಲಗೆ ಕೇಳಿದಳು. ಪೌಡರ್ ಬೆವರಿಗೆ ಅಲ್ಲಲ್ಲಿ ಕರಗಿತ್ತು.

ನೀರು ಕೆಂಪಾಗಿತ್ತು ಎಂದ. ಅದು ಸುಳ್ಳಲ್ಲ. ಅವಳು ಮಣ್ಣಿನಿಂದ ಚಾಚಿದ್ದ ಹಾರೆಯನ್ನು ಒಮ್ಮೆ ನೋಡಿದಳು, ಅವನನ್ನು ಒಮ್ಮೆ ನೋಡಿದಳು, ಆಮೇಲೆ ಕ್ಯಾಮೆರಾದವರು ಕರೆದರೆಂದು ಸೆರಗು ಸರಿಮಾಡಿಕೊಂಡು ಚೀಲದ ಕಡೆಗೆ ಹೋದಳು.

ಬಿರುಕನ್ನು ಮೇ ತಿಂಗಳಲ್ಲೇ ಕಂಡಿದ್ದೆ, ಸೊಪ್ಪು ಮುಚ್ಚಿ ಇಳಿದು ಬಂದು ನೀವು ಕೊಟ್ಟ ಚಾ ಕುಡಿದೆ ಎಂದು ಲತೀಶ ಅವಳಿಗೆ ಹೇಳಲಿಲ್ಲ.